ನಗುವಿಗೂ ಸ್ವರ ಕಲಿಸಿದ ಪಿಯಾನೊ ವಾದಕ ವಿಕ್ಟರ್ ಬೋರ್ಗ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದರೆ ಗಾಂಭೀರ್ಯ ಎಂಬ ಭಾವನೆ ನಮ್ಮಲ್ಲಿ ಹೆಚ್ಚಿನವರಿಗಿದೆ. ಕರಿಯ ಕೋಟು ತೊಟ್ಟ ವಾದಕ, ಮಂದ ಬೆಳಕಿನ ಸಭಾಂಗಣ, ಕೆಮ್ಮು ಬಂದರೂ ತಡೆದುಕೊಂಡು ಕುಳಿತ ಶ್ರೋತೃಗಳು. ಇಂತಹ ಸಭೆಯ ಮುಂದೆ ವಾದಕನೇ ಕುಳಿತಲ್ಲಿಂದ ಜಾರಿ ಕೆಳಗೆ ಬಿದ್ದರೆ ಹೇಗಿದ್ದೀತು? ಬಿದ್ದವನು ಮೆಲ್ಲನೆ ಎದ್ದು, ತನ್ನ ಆಸನದ ಅಡಿಯಿಂದ ಕಾರಿನಲ್ಲಿರುವಂತಹ ಸೀಟ್ ಬೆಲ್ಟನ್ನು ಹೊರಗೆಳೆದು ಸೊಂಟಕ್ಕೆ ಬಿಗಿದುಕೊಂಡು, ಏನೂ ಆಗದವನಂತೆ ಮತ್ತೆ ನುಡಿಸತೊಡಗಿದರೆ?

ಜಗತ್ತಿನ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹೀಗೆ ಬಿದ್ದು, ಎದ್ದು, ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು ಡೆನ್ಮಾರ್ಕ್ ಮೂಲದ ಪಿಯಾನೊ ವಾದಕ ವಿಕ್ಟರ್ ಬೋರ್ಗ. ಅವರು 2000ನೇ ಇಸವಿಯ ದಶಂಬರ 23ರಂದು ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾರ್ಯಕ್ರಮಗಳ ದೃಶ್ಯಗಳು ಇಂದಿಗೂ ಮನೆಮನೆಗಳಲ್ಲಿ ನಗೆಯ ಬುಗ್ಗೆ ಎಬ್ಬಿಸುತ್ತಿವೆ. ಆದರೆ ಆ ನಗೆಯ ಹಿಂದೆ ಊರು ಕಳೆದುಕೊಂಡ ಒಬ್ಬ ನಿರಾಶ್ರಿತನಿದ್ದ, ಋಣ ಮರೆಯದ ಒಬ್ಬ ಮನುಷ್ಯನಿದ್ದ ಎಂಬುದು ಅನೇಕರಿಗೆ ತಿಳಿದಿಲ್ಲ. ಅವರ ಬಾಳಿನ ಆ ಪುಟಗಳನ್ನು ನಮ್ಮ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಸಂಗೀತ ತುಂಬಿದ ಮನೆ

ವಿಕ್ಟರ್ ಬೋರ್ಗ ಜನಿಸಿದ್ದು 1909ರ ಜನವರಿ 3ರಂದು, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಒಂದು ಯೆಹೂದಿ ಕುಟುಂಬದಲ್ಲಿ. ಹೆತ್ತವರು ಇಟ್ಟ ಹೆಸರು ಬೋರ್ಗ ರೋಸೆನ್‌ಬಾಮ್. ತಂದೆ ಬರ್ನ್‌ಹಾರ್ಡ್ ಅವರು ರಾಜ ಮನೆತನದ ಆಶ್ರಯದಲ್ಲಿ ಬೆಳೆದುಬಂದ ರಾಯಲ್ ಡ್ಯಾನಿಶ್ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುತ್ತಿದ್ದರು. 1448ರಷ್ಟು ಹಿಂದೆ ಸ್ಥಾಪನೆಯಾದ ಈ ವಾದ್ಯಮೇಳ ಜಗತ್ತಿನ ಅತಿ ಹಳೆಯ ವಾದ್ಯಮೇಳಗಳ ಸಾಲಿಗೆ ಸೇರಿದ್ದು. ತಾಯಿ ಫ್ರೆಡೆರಿಕೆ ಪಿಯಾನೊ ನುಡಿಸುತ್ತಿದ್ದರು. ಹೀಗೆ ಮಾತು ಕಲಿಯುವ ವಯಸ್ಸಿನಲ್ಲೇ ಮಗುವಿನ ಬೆರಳುಗಳು ಪಿಯಾನೊದ ಮೇಲೆ ಆಡತೊಡಗಿದವು.

ಬಾಲಕನ ಪ್ರತಿಭೆ ಊರಿನವರ ಕಣ್ಣಿಗೆ ಬೀಳಲು ಹೆಚ್ಚು ಕಾಲ ಬೇಕಾಗಲಿಲ್ಲ. 1918ರಲ್ಲಿ, ಇನ್ನೂ ಒಂಬತ್ತರ ಹರೆಯದಲ್ಲಿ, ರಾಯಲ್ ಡ್ಯಾನಿಶ್ ಸಂಗೀತ ಅಕಾಡೆಮಿಯಲ್ಲಿ ವಿದ್ಯಾರ್ಥಿವೇತನದೊಂದಿಗೆ ಪ್ರವೇಶ ದೊರೆಯಿತು. ಅಲ್ಲಿ ಅವರು ಒಲಿವೊ ಕ್ರೌಸೆ ಅವರಲ್ಲಿ ಕಲಿತರು. ಮುಂದೆ ವಿಕ್ಟರ್ ಶೋಲರ್, ಫ್ರೆಡೆರಿಕ್ ಲಾಮಂಡ್ ಮತ್ತು ಎಗಾನ್ ಪೆಟ್ರಿ ಅವರಂತಹ ಗುರುಗಳು ದೊರೆತರು. ಇವರಲ್ಲಿ ಲಾಮಂಡ್ ಅವರು ಪಿಯಾನೊ ಲೋಕದ ದಿಗ್ಗಜ ಫ್ರಾನ್ಸ್ ಲಿಸ್ಟ್ ಅವರ ನೇರ ಶಿಷ್ಯರು. ಪೆಟ್ರಿ ಅವರು ಫೆರೂಚೊ ಬುಸೋನಿ ಅವರ ಶಿಷ್ಯರು. ಅಂದರೆ ಮುಂದೆ ಜಗತ್ತನ್ನು ನಗಿಸಿದ ಈ ಮನುಷ್ಯ ಸಂಗೀತ ಕಲಿತದ್ದು ಅಂದಿನ ಯುರೋಪಿನ ಅತ್ಯಂತ ಶ್ರೇಷ್ಠ ಗುರುಪರಂಪರೆಯಲ್ಲಿ. ಈ ಮಾತನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಏಕೆಂದರೆ ಬೋರ್ಗ ಅವರ ಹಾಸ್ಯಕ್ಕೆ ಬುನಾದಿ ಇಲ್ಲಿದೆ.

ಗಂಭೀರ ವೇದಿಕೆಯಿಂದ ಹಾಸ್ಯದ ವೇದಿಕೆಗೆ

1926ರಲ್ಲಿ, 17ರ ಹರೆಯದಲ್ಲಿ, ಕೋಪನ್‌ಹೇಗನ್ನಿನ ಆಡ್ ಫೆಲೊ ಭವನದಲ್ಲಿ ಅವರ ಮೊದಲ ದೊಡ್ಡ ಕಛೇರಿ ನಡೆಯಿತು. ಕೆಲವು ವರ್ಷ ಅವರು ಶಾಸ್ತ್ರೀಯ ವಾದಕರಾಗಿಯೇ ಮುಂದುವರಿದರು. ಆದರೆ ಮನೆಯಲ್ಲೂ ಗೆಳೆಯರ ನಡುವೆಯೂ ನಗಿಸುವ ಸ್ವಭಾವ ಅವರದು. ಪಿಯಾನೊದ ಮುಂದೆ ಕುಳಿತು ನಡುನಡುವೆ ಒಂದು ಮಾತು, ಒಂದು ಓರೆನೋಟ, ಒಂದು ಬೇಕೆಂದೇ ಮಾಡಿದ ತಪ್ಪು. ಇಷ್ಟರಲ್ಲೇ ಸಭೆ ನಗುತ್ತಿತ್ತು.

1933ರಲ್ಲಿ ಅವರು ಹಾಡು, ಹಾಸ್ಯ, ಕಿರುಪ್ರಹಸನಗಳು ಕೂಡಿದ ರೆವ್ಯೂ ಎಂಬ ರಂಗಪ್ರಕಾರದಲ್ಲಿ ಕಾಣಿಸಿಕೊಂಡರು. ಅದೇ ವರ್ಷ ಎಲ್ಸಿ ಚಿಲ್ಟನ್ ಎಂಬ ಅಮೆರಿಕನ್ ಮಹಿಳೆಯೊಡನೆ ವಿವಾಹವೂ ಆಯಿತು. ನೋಡನೋಡುತ್ತಿದ್ದಂತೆ ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ಅವರ ಹೆಸರು ಮನೆಮಾತಾಯಿತು. ಡ್ಯಾನಿಶ್ ಚಲನಚಿತ್ರಗಳಲ್ಲೂ ಅವಕಾಶಗಳು ಬಂದವು.

1933ನೇ ಇಸವಿ ಇನ್ನೊಂದು ಕಾರಣಕ್ಕೂ ಇತಿಹಾಸದಲ್ಲಿ ಉಳಿದಿದೆ. ಪಕ್ಕದ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ್ದು ಆ ವರ್ಷವೇ. ಬೋರ್ಗ ಅವರು ಯೆಹೂದಿ. ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೆ ಕ್ಷೇಮವಿತ್ತು. ಆದರೆ ಅವರು ವೇದಿಕೆಯ ಮೇಲೆ ಹಿಟ್ಲರನನ್ನೂ ನಾತ್ಸಿಗಳನ್ನೂ ಗೇಲಿ ಮಾಡತೊಡಗಿದರು. ಸರ್ವಾಧಿಕಾರಿಗಳಿಗೆ ಟೀಕೆಗಿಂತ ನಗು ಹೆಚ್ಚು ಚುಚ್ಚುತ್ತದೆ. ಬೋರ್ಗ ಅವರ ಹೆಸರು ನಾತ್ಸಿಗಳ ಕಣ್ಣಿಗೆ ಬಿದ್ದಿತು.

1940: ಊರು ಕೈತಪ್ಪಿದ ವರ್ಷ

1940ರ ಎಪ್ರಿಲ್ 9ರ ಮುಂಜಾನೆ ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. ಕೆಲವೇ ತಾಸುಗಳಲ್ಲಿ ಆ ಪುಟ್ಟ ದೇಶ ಶರಣಾಗಬೇಕಾಯಿತು. ಆ ಹೊತ್ತಿಗೆ ಬೋರ್ಗ ಅವರು ಕಾರ್ಯಕ್ರಮಕ್ಕಾಗಿ ಸ್ವೀಡನ್ನಿನಲ್ಲಿದ್ದರು. ಕೋಪನ್‌ಹೇಗನ್ನಿನಲ್ಲಿ ಇದ್ದಿದ್ದರೆ ಅವರ ಕಥೆ ಬೇರೆಯೇ ಆಗುತ್ತಿತ್ತು. ಮನೆಗೆ ಮರಳುವ ದಾರಿ ಅಂದಿಗೆ ಮುಚ್ಚಿಹೋಯಿತು.

ಆಕ್ರಮಣದ ಆ ಕಾಲದಲ್ಲಿ ಅವರು ಒಮ್ಮೆ ಮಾತ್ರ ನಾವಿಕನ ವೇಷ ತೊಟ್ಟು ಕದ್ದುಮುಚ್ಚಿ ಡೆನ್ಮಾರ್ಕಿಗೆ ಹೋಗಿ ಬಂದರು. ಸಾವಿನ ಹಾಸಿಗೆಯಲ್ಲಿದ್ದ ತಾಯಿಯನ್ನು ನೋಡಲೆಂದೇ ಆ ಪಯಣ. ಬೆರಳು ಹಿಡಿದು ಪಿಯಾನೊ ತೋರಿಸಿದ ತಾಯಿಯ ಮುಖ ಕೊನೆಗೊಮ್ಮೆ ಕಾಣಲು ಮಗ ಜೀವವನ್ನೇ ಪಣಕ್ಕಿಡಬೇಕಾಯಿತು. ಪ್ರಾಯಶಃ ಅವರು ಬಾಳಿನಲ್ಲಿ ತೊಟ್ಟ ವೇಷಗಳಲ್ಲಿ ನಗೆ ಬಾರದ ವೇಷ ಇದೊಂದೇ.

ಸ್ವೀಡನ್ನಿನಿಂದ ಅವರು ಫಿನ್‌ಲೆಂಡಿಗೆ ಹೋದರು. ಅಲ್ಲಿನ ಉತ್ತರ ತುದಿಯ ಪೆಟ್ಸಾಮೊ ಬಂದರಿನಿಂದ 1940ರ ಆಗಸ್ಟ್ 16ರಂದು ಅಮೆರಿಕನ್ ಲೀಜನ್ ಎಂಬ ಹಡಗು ನ್ಯೂಯಾರ್ಕಿಗೆ ಹೊರಟಿತು. ಯುದ್ಧದಲ್ಲಿ ಇನ್ನೂ ಸೇರದಿದ್ದ ಅಮೆರಿಕ ತನ್ನ ಪ್ರಜೆಗಳನ್ನು ಕರೆತರಲು ಕಳುಹಿಸಿದ್ದ ಹಡಗು ಅದು. ಸುಮಾರು 900 ಮಂದಿ ಅದರಲ್ಲಿದ್ದರು. ನಾರ್ವೆಯ ಯುವರಾಣಿ ಮಾರ್ಥಾ ಮತ್ತು ಅವರ ಮೂವರು ಮಕ್ಕಳು ಸಹ ಅದೇ ಹಡಗಿನಲ್ಲಿ ದೇಶ ತೊರೆದವರು. ಮುಂದೆ ನಾರ್ವೆಯ ಅರಸನಾದ ಹರಾಲ್ಡ್ ಆಗ ಮೂರು ವರ್ಷದ ಹಸುಳೆ. ಅರಮನೆಯವರೂ ಹಾಸ್ಯಗಾರನೂ ಒಂದೇ ಹಡಗಿನಲ್ಲಿ ನಿರಾಶ್ರಿತರು. ಯುದ್ಧ ಎಲ್ಲರನ್ನೂ ಹೇಗೆ ಸಮಾನರನ್ನಾಗಿ ಮಾಡುತ್ತದೆ ನೋಡಿ!

ಆಗಸ್ಟ್ 28ರಂದು ಹಡಗು ನ್ಯೂಯಾರ್ಕ್ ಮುಟ್ಟಿತು. ಬೋರ್ಗ ಅವರ ಕಿಸೆಯಲ್ಲಿ ಇದ್ದದ್ದು 20 ಡಾಲರ್. ಅದರಲ್ಲೂ 3 ಡಾಲರ್ ಸುಂಕದ ಕಟ್ಟೆಯಲ್ಲೇ ಕಳೆದುಹೋಯಿತು.

ಮಾತೇ ಬಾರದ ಹಾಸ್ಯಗಾರ

ಹೊಸ ದೇಶದಲ್ಲಿ ಅವರಿಗೆ ಎದುರಾದ ಕಷ್ಟ ಹಣದ್ದು ಮಾತ್ರವಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಿಯಾನೊ ವಾದಕ ಭಾಷೆ ಇಲ್ಲದೆ ಬದುಕಬಲ್ಲ, ಹಾಡನ್ನು ನುಡಿಸಿ ತೋರಿಸಬಲ್ಲ. ಆದರೆ ಮಾತಿನಿಂದಲೇ ನಗಿಸುವವನು ಮಾತು ಕಳೆದುಕೊಂಡರೆ ಅವನ ಬಳಿ ಉಳಿಯುವುದೇನು? ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೋಗಿ, ಅಲ್ಲಿನ ಭಾಷೆ ಬಾರದೆ ಅಂಗಡಿಯ ಮುಂದೆ ಕೈಸನ್ನೆ ಮಾಡಿ ನಿಂತವರಿಗೆ ಈ ಕಷ್ಟ ಅರ್ಥವಾದೀತು.

ಬೋರ್ಗ ಅವರು ಚಿತ್ರಮಂದಿರದ ದಾರಿ ಹಿಡಿದರು. ಚಲನಚಿತ್ರಗಳನ್ನು ನೋಡುತ್ತಾ ಕಿವಿಯಿಂದಲೇ ಇಂಗ್ಲಿಷ್ ಕಲಿತರು. ಸಂಗೀತಗಾರನ ಕಿವಿ ಅಲ್ಲವೇ, ಪದಗಳ ಏರಿಳಿತವೆಲ್ಲ ಬೇಗನೆ ಹಿಡಿತಕ್ಕೆ ಬಂತು. ಹೆಸರನ್ನೂ ಬದಲಿಸಿಕೊಂಡರು. ಹೆತ್ತವರು ಇಟ್ಟ ಬೋರ್ಗ ಎಂಬ ಹೆಸರೇ ಮನೆತನದ ಹೆಸರಾಯಿತು. ಅದರ ಮುಂದೆ ವಿಕ್ಟರ್ ಸೇರಿಕೊಂಡಿತು.

1941ರಲ್ಲಿ ರೂಡಿ ವ್ಯಾಲಿ ಅವರ ರೇಡಿಯೊ ಕಾರ್ಯಕ್ರಮದಲ್ಲಿ ಅವಕಾಶ ದೊರೆಯಿತು. ಬೇಗನೆ ಅಂದಿನ ಅಮೆರಿಕದ ಅತ್ಯಂತ ಜನಪ್ರಿಯ ಗಾಯಕ ಬಿಂಗ್ ಕ್ರಾಸ್ಬಿ ತಮ್ಮ ಕ್ರಾಫ್ಟ್ ಮ್ಯೂಸಿಕ್ ಹಾಲ್ ರೇಡಿಯೊ ಕಾರ್ಯಕ್ರಮಕ್ಕೆ ಅವರನ್ನು ಕರೆಸಿಕೊಂಡರು. 1942ರಲ್ಲಿ ವರ್ಷದ ಅತ್ಯುತ್ತಮ ಹೊಸ ರೇಡಿಯೊ ಕಲಾವಿದ ಎಂಬ ಗೌರವ ಸಂದಿತು. 20 ಡಾಲರ್ ಹಿಡಿದು ಬಂದಿಳಿದವರು ಎರಡೇ ವರ್ಷಗಳಲ್ಲಿ ಅಮೆರಿಕದ ಮನೆಮನೆಯ ದನಿಯಾದರು. ಫ್ರಾಂಕ್ ಸಿನಾತ್ರ ಅವರೊಡನೆ ಚಲನಚಿತ್ರದಲ್ಲೂ ಕಾಣಿಸಿಕೊಂಡರು. 1946ರಲ್ಲಿ ತಮ್ಮದೇ ಹೆಸರಿನ ರೇಡಿಯೊ ಕಾರ್ಯಕ್ರಮ ಆರಂಭವಾಯಿತು. 1948ರಲ್ಲಿ ಅವರು ಅಮೆರಿಕದ ಪೌರತ್ವ ಪಡೆದರು.

ಇಲ್ಲಿ ನಾವು ಒಂದು ವಿಷಯವನ್ನು ಗಮನಿಸಬೇಕು. ಬೋರ್ಗ ಅವರ ಅತಿ ಪ್ರಸಿದ್ಧ ಹಾಸ್ಯ ಪ್ರಸಂಗಗಳಲ್ಲಿ ಎರಡು ಭಾಷೆಯನ್ನೇ ಕುರಿತದ್ದು. ಮೊದಲನೆಯದರಲ್ಲಿ ಅವರು ಒಂದು ಕಥೆಯನ್ನು ಗಟ್ಟಿಯಾಗಿ ಓದುತ್ತಾರೆ. ಓದುವಾಗ ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಾರ್ಥಕ, ಆಶ್ಚರ್ಯಸೂಚಕ ಚಿಹ್ನೆಗಳನ್ನೂ ಬಿಡದೆ, ಒಂದೊಂದಕ್ಕೂ ಬಾಯಿಯಿಂದ ಒಂದೊಂದು ವಿಚಿತ್ರ ಸದ್ದು ಹೊರಡಿಸುತ್ತಾರೆ. ಪ್ರೇಮಕಥೆಯ ಭಾವುಕ ಸನ್ನಿವೇಶ ಬಂದಾಗ ಚಿಹ್ನೆಗಳೂ ದಟ್ಟವಾಗುತ್ತವೆ. ಸದ್ದುಗಳು ಪಟಾಕಿಯಂತೆ ಸಿಡಿಯುತ್ತವೆ. ಸಭೆ ನಗೆಯಲ್ಲಿ ಮುಳುಗುತ್ತದೆ.

ಎರಡನೆಯದು ಬೆಲೆ ಏರಿಕೆಯ ಭಾಷೆ. ಎಲ್ಲ ವಸ್ತುಗಳ ಬೆಲೆ ಏರುತ್ತಿರುವಾಗ ಪದಗಳ ಬೆಲೆ ಮಾತ್ರ ಏಕೆ ಏರಬಾರದು ಎಂಬುದು ಇದರ ಹಿಂದಿನ ತರ್ಕ. ಇಂಗ್ಲಿಷ್ ಪದಗಳಲ್ಲಿ ಅಡಗಿರುವ ಸಂಖ್ಯೆಯ ಸದ್ದನ್ನು ಹುಡುಕಿ ಒಂದರಷ್ಟು ಹೆಚ್ಚಿಸುವುದು. ಹಾಗಾಗಿ ವಂಡರ್‌ಫುಲ್ ಎಂಬುದು ಟೂಡರ್‌ಫುಲ್ ಆಗುತ್ತದೆ. ಬಿಫೋರ್ ಎಂಬುದು ಬಿಫೈವ್ ಆಗುತ್ತದೆ. ಟೆನಿಸ್ ಆಟ ಇಲೆವೆನಿಸ್ ಆಗುತ್ತದೆ.

ಹುಟ್ಟಿನಿಂದ ಇಂಗ್ಲಿಷ್ ಆಡುವವರ ಕಿವಿಗೆ ಬಿಫೋರ್ ಎಂಬ ಪದದಲ್ಲಿ ಒಂದು ಫೋರ್ ಕುಳಿತಿರುವುದು ಕೇಳಿಸುವುದಿಲ್ಲ. ಬಳಸಿ ಬಳಸಿ ಅದು ಸವೆದುಹೋಗಿರುತ್ತದೆ. 31ರ ಹರೆಯದಲ್ಲಿ ಅಕ್ಷರ ಅಕ್ಷರ ಹಿಡಿದು ಭಾಷೆ ಕಲಿತವನಿಗೆ ಅದು ಕೇಳಿಸುತ್ತದೆ. ತಾನು ಹೊರಗಿನವನು ಎಂಬ ಕೊರತೆಯನ್ನೇ ಬೋರ್ಗ ಅವರು ತಮ್ಮ ಬಂಡವಾಳವನ್ನಾಗಿ ಮಾಡಿಕೊಂಡರು ಎಂದು ನಮಗೆ ಅನಿಸುತ್ತದೆ.

849 ಪ್ರದರ್ಶನಗಳು

1953ರ ಅಕ್ಟೋಬರ್ 2ರಂದು ನ್ಯೂಯಾರ್ಕಿನ ಜಾನ್ ಗೋಲ್ಡನ್ ರಂಗಮಂದಿರದಲ್ಲಿ ಕಾಮಿಡಿ ಇನ್ ಮ್ಯೂಸಿಕ್ ಎಂಬ ಅವರ ಏಕವ್ಯಕ್ತಿ ಪ್ರದರ್ಶನ ಆರಂಭವಾಯಿತು. ವೇದಿಕೆಯಲ್ಲಿ ಒಂದು ಪಿಯಾನೊ, ಒಬ್ಬ ಮನುಷ್ಯ. ಇಷ್ಟೇ. ಕೆಲವು ವಾರಗಳಲ್ಲಿ ಮುಗಿಯಬಹುದೆಂದು ತೋರುವಂತಹ ಈ ಪ್ರದರ್ಶನ 1956ರ ಜನವರಿ 21ರವರೆಗೆ, ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು. ಒಟ್ಟು 849 ಪ್ರದರ್ಶನಗಳು. ಬ್ರಾಡ್‌ವೇ ರಂಗಭೂಮಿಯಲ್ಲಿ ಒಬ್ಬನೇ ವ್ಯಕ್ತಿ ನಡೆಸಿಕೊಟ್ಟ ಅತಿ ದೀರ್ಘ ಪ್ರದರ್ಶನವೆಂದು ಇದು ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು.

1953ರಲ್ಲೇ ಅವರ ಖಾಸಗಿ ಬದುಕಿನಲ್ಲೂ ಬದಲಾವಣೆಯಾಯಿತು. ಎಲ್ಸಿ ಅವರೊಡನೆ ವಿವಾಹ ವಿಚ್ಛೇದನವಾಗಿ, ಸನ್ನಾ ಅವರನ್ನು ಅವರು ವರಿಸಿದರು. ಎರಡೂ ಸಂಸಾರಗಳಿಂದ ಐವರು ಮಕ್ಕಳು. ಕನೆಕ್ಟಿಕಟ್ ರಾಜ್ಯದಲ್ಲಿ ತೋಟವೊಂದನ್ನು ಖರೀದಿಸಿ ಕೋಳಿ ಸಾಕಣೆಯನ್ನೂ ಮಾಡಿದರು. ಕಾರ್ನಿಶ್ ತಳಿಯ ಸಣ್ಣ ಕೋಳಿಗಳು ಅಮೆರಿಕನ್ನರ ಊಟದ ಮೇಜಿಗೆ ಬರಲು ಈ ಪಿಯಾನೊ ವಾದಕರ ಪ್ರಚಾರವೂ ಒಂದು ಕಾರಣವಾಯಿತು ಎಂಬುದು ಸ್ವಾರಸ್ಯಕರ.

ನಗೆಯ ಹಿಂದಿನ ಸಾಧನೆ

ಬೋರ್ಗ ಅವರು ನಗಿಸುತ್ತಿದ್ದುದಾದರೂ ಹೇಗೆ? ಕೆಲವು ಪ್ರಸಂಗಗಳನ್ನು ನೋಡೋಣ.

ಅವರು ಗಂಭೀರವಾಗಿ ಬಂದು ಕುಳಿತು, ಸಂಗೀತದ ಹಾಳೆಯನ್ನು ಎದುರಿಗಿಟ್ಟು ರೊಸ್ಸೀನಿಯ ವಿಲಿಯಂ ಟೆಲ್ ಪೂರ್ವರಂಗವನ್ನು ನುಡಿಸತೊಡಗುತ್ತಾರೆ. ಕೇಳಿಬರುವ ರಾಗ ಎಲ್ಲೋ ಕೇಳಿದಂತಿದೆ, ಆದರೆ ಸರಿಯಿಲ್ಲ. ಅವರಿಗೂ ಅನುಮಾನ. ಹಾಳೆಯನ್ನು ದಿಟ್ಟಿಸುತ್ತಾರೆ, ಮತ್ತೆ ನುಡಿಸುತ್ತಾರೆ. ಕೊನೆಗೆ ಹಾಳೆ ತಲೆಕೆಳಗಾಗಿದೆ ಎಂದು ಹೊಳೆಯುತ್ತದೆ. ತಿರುಗಿಸಿ ಇಟ್ಟೊಡನೆ ಎಲ್ಲರಿಗೂ ಗೊತ್ತಿರುವ ಆ ಕುದುರೆಯೋಟದ ರಾಗ ಚಿಮ್ಮುತ್ತದೆ.

ಇನ್ನೊಮ್ಮೆ ಹುಟ್ಟುಹಬ್ಬದ ಹಾಡನ್ನು ಎತ್ತಿಕೊಳ್ಳುತ್ತಾರೆ. ಮಕ್ಕಳೂ ಹಾಡುವ ಆ ಪುಟ್ಟ ಹಾಡನ್ನು ಬಾಖ್ ಬರೆದಿದ್ದರೆ ಹೇಗಿರುತ್ತಿತ್ತು, ಮೊಝಾರ್ಟ್ ಬರೆದಿದ್ದರೆ, ಬೀಥೋವನ್ ಬರೆದಿದ್ದರೆ, ವಾಗ್ನರ್ ಬರೆದಿದ್ದರೆ ಹೇಗಿರುತ್ತಿತ್ತು ಎಂದು ಒಂದಾದ ಮೇಲೊಂದರಂತೆ ನುಡಿಸಿ ತೋರಿಸುತ್ತಾರೆ.

ಮತ್ತೊಂದು ಪ್ರಸಂಗದಲ್ಲಿ ಮರಿಲಿನ್ ಮಲ್ವಿ ಎಂಬ ಗಾಯಕಿ ಹಾಡಲು ಬರುತ್ತಾರೆ. ಗಾಯಕಿ ತಾರಸ್ವರಕ್ಕೆ ಏರಿದೊಡನೆ ಬೋರ್ಗ ಬೆಚ್ಚಿ ಆಸನದಿಂದ ಉರುಳುತ್ತಾರೆ. ನಾವು ಆರಂಭದಲ್ಲಿ ಹೇಳಿದ ಸೀಟ್ ಬೆಲ್ಟ್ ಹೊರಬರುವುದು ಇಂತಹ ಸಂದರ್ಭದಲ್ಲೇ.

ಎಲ್ಲಕ್ಕೂ ಮಿಗಿಲಾದದ್ದು ಲಿಸ್ಟ್ ಅವರ ಎರಡನೆಯ ಹಂಗೇರಿಯನ್ ರಾಪ್ಸೋಡಿ. ಇದು ಪಿಯಾನೊ ಕೃತಿಗಳಲ್ಲಿ ಬೆವರಿಳಿಸುವಂತಹದ್ದು. ಶಾಹಾನ್ ಅರ್ಝ್ರುನಿ ಎಂಬ ಪಿಯಾನೊ ವಾದಕರೊಡನೆ ಬೋರ್ಗ ಒಂದೇ ಪಿಯಾನೊದ ಮುಂದೆ, ಒಂದೇ ಆಸನದಲ್ಲಿ ಕುಳಿತು ಇದನ್ನು ನುಡಿಸುತ್ತಿದ್ದರು. ಒಬ್ಬರ ಕೈ ಇನ್ನೊಬ್ಬರ ಬೆನ್ನ ಹಿಂದಿನಿಂದ ಬರುತ್ತದೆ, ತೋಳುಗಳು ಹೆಣೆದುಕೊಳ್ಳುತ್ತವೆ, ಒಬ್ಬರು ಎದ್ದು ಇನ್ನೊಬ್ಬರನ್ನು ಸುತ್ತಿ ಬರುತ್ತಾರೆ. ಇಷ್ಟೆಲ್ಲ ಗೊಂದಲದ ನಡುವೆ ಸಂಗೀತ ಮಾತ್ರ ನಿಲ್ಲುವುದಿಲ್ಲ.

ಈ ಎಲ್ಲ ಪ್ರಸಂಗಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ಹಾಳೆಯನ್ನು ತಲೆಕೆಳಗಾಗಿ ಹಿಡಿದು ನುಡಿಸಬೇಕಾದರೆ ಅದನ್ನು ನೆಟ್ಟಗೆ ನುಡಿಸಲು ಮೊದಲು ಬರಬೇಕು. ಹುಟ್ಟುಹಬ್ಬದ ಹಾಡನ್ನು ಬಾಖ್ ಶೈಲಿಗೆ ತರಬೇಕಾದರೆ ಬಾಖ್ ಬೆರಳಿನಲ್ಲಿ ಇಳಿದಿರಬೇಕು. ಲಿಸ್ಟ್ ಅವರ ಶಿಷ್ಯನಿಂದಲೇ ಪಾಠ ಹೇಳಿಸಿಕೊಂಡವರು ಲಿಸ್ಟ್ ಅವರ ಕೃತಿಯೊಡನೆ ಆಟವಾಡುತ್ತಿದ್ದರು. ಅವರು ಸಂಗೀತವನ್ನು ಗೇಲಿ ಮಾಡಲಿಲ್ಲ. ಸಂಗೀತದ ಸುತ್ತ ಮನುಷ್ಯರು ಕಟ್ಟಿಕೊಂಡ ಬಿಗುಮಾನವನ್ನು ಗೇಲಿ ಮಾಡಿದರು. ಅದನ್ನೂ ತನ್ನನ್ನೇ ಮೊದಲು ನಗೆಪಾಟಲಿಗೆ ಒಡ್ಡಿಕೊಂಡು ಮಾಡಿದರು. ಶಾಸ್ತ್ರೀಯ ಸಂಗೀತ ನಮಗಲ್ಲ ಎಂದು ದೂರ ನಿಂತಿದ್ದ ಲಕ್ಷಾಂತರ ಮಂದಿ ನಗಲೆಂದು ಬಂದವರು, ನಕ್ಕು ಹಗುರಾಗಿ, ಚೊಪಿನ್ ಮತ್ತು ಮೊಝಾರ್ಟರ ಪರಿಚಯ ಮಾಡಿಕೊಂಡು ಮನೆಗೆ ಹೋದರು.

ಹಾಸ್ಯಗಾರನೆಂಬ ಹಣೆಪಟ್ಟಿ ಇದ್ದರೂ ಗಂಭೀರ ಸಂಗೀತ ಲೋಕ ಅವರನ್ನು ದೂರವಿಡಲಿಲ್ಲ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್, ಚಿಕಾಗೋ ಸಿಂಫನಿ, ಲಂಡನ್ ಫಿಲ್‌ಹಾರ್ಮೋನಿಕ್ ಮುಂತಾದ ವಾದ್ಯಮೇಳಗಳನ್ನು ಅವರು ನಿರ್ದೇಶಿಸಿದರು. ತಂದೆ ವಯೋಲಾ ನುಡಿಸುತ್ತಿದ್ದ ಅದೇ ರಾಯಲ್ ಡ್ಯಾನಿಶ್ ಆರ್ಕೆಸ್ಟ್ರಾದ ಮುಂದೆಯೂ ನಿರ್ದೇಶಕರಾಗಿ ನಿಂತರು.

ಋಣ ಮರೆಯದ ಮನುಷ್ಯ

ಬೋರ್ಗ ಅವರ ಬಾಳಿನ ಅತ್ಯಂತ ಮಹತ್ವದ ಕೆಲಸ ವೇದಿಕೆಯ ಮೇಲೆ ನಡೆದದ್ದಲ್ಲ. ಅದನ್ನು ತಿಳಿಯಲು ನಾವು 1943ರ ಡೆನ್ಮಾರ್ಕಿಗೆ ಮರಳಬೇಕು. ಬೋರ್ಗ ಆಗ ಅಮೆರಿಕದ ರೇಡಿಯೊದಲ್ಲಿದ್ದರು. ಆದರೆ ಅವರ ಜನ ಇನ್ನೂ ಅಲ್ಲಿಯೇ ಇದ್ದರು.

ಡೆನ್ಮಾರ್ಕಿನ ಯೆಹೂದಿಗಳನ್ನು ಒಂದೇ ರಾತ್ರಿಯಲ್ಲಿ ಹಿಡಿದು ಶಿಬಿರಗಳಿಗೆ ಸಾಗಿಸಲು ನಾತ್ಸಿಗಳು ಸಂಚು ಹೂಡಿದ್ದರು. 1943ರ ಅಕ್ಟೋಬರ್ 1ರ ರಾತ್ರಿ ಅದಕ್ಕೆ ನಿಗದಿಯಾಗಿತ್ತು. ಜರ್ಮನ್ ರಾಯಭಾರ ಕಚೇರಿಯಲ್ಲಿದ್ದ ಗೇಯಾರ್ಗ್ ಡುಕ್ವಿಟ್ಸ್ ಎಂಬ ಅಧಿಕಾರಿ ತನ್ನ ಪ್ರಾಣದ ಹಂಗು ತೊರೆದು ಈ ಸುದ್ದಿಯನ್ನು ಡ್ಯಾನಿಶ್ ನಾಯಕರಿಗೆ ತಿಳಿಸಿದ. ಸೆಪ್ಟೆಂಬರ್ 29ರ ಬೆಳಿಗ್ಗೆ ಕೋಪನ್‌ಹೇಗನ್ನಿನ ಸಿನಗಾಗಿನಲ್ಲಿ ಸೇರಿದ್ದ ಭಕ್ತರಿಗೆ ರಬ್ಬಿ ಮಾರ್ಕುಸ್ ಮೆಲ್ಕಿಯೊರ್ ಅವರು ಪ್ರಾರ್ಥನೆ ನಿಲ್ಲಿಸಿ, ಕೂಡಲೇ ಅಡಗಿಕೊಳ್ಳಿರಿ, ಇತರರಿಗೂ ತಿಳಿಸಿರಿ ಎಂದು ಎಚ್ಚರಿಸಿದರು.

ಬಳಿಕ ನಡೆದದ್ದು ಮಾನವ ಇತಿಹಾಸದ ಒಂದು ಸುಂದರ ಅಧ್ಯಾಯ. ನೆರೆಯವರು ಮನೆ ತೆರೆದರು. ವೈದ್ಯರು ಯೆಹೂದಿಗಳನ್ನು ರೋಗಿಗಳೆಂದು ಆಸ್ಪತ್ರೆಯಲ್ಲಿ ಮಲಗಿಸಿದರು. ಅಕ್ಟೋಬರ್ 3ರ ಭಾನುವಾರ ಕೋಪನ್‌ಹೇಗನ್ನಿನ ಲೂಥರನ್ ಬಿಷಪ್ ಹನ್ಸ್ ಫುಗ್ಲ್‌ಸಾಂಗ್ ಡಾಮ್‌ಗಾರ್ಡ್ ಅವರ ಪತ್ರವನ್ನು ದೇಶದ ಇಗರ್ಜಿಗಳಲ್ಲಿ ಓದಲಾಯಿತು. ಯೆಹೂದಿಗಳ ಹಿಂಸೆ ಕ್ರೈಸ್ತ ಬೋಧನೆಗೆ ವಿರುದ್ಧವಾದದ್ದು ಎಂದು ಅದು ಸ್ಪಷ್ಟವಾಗಿ ಸಾರಿತು. ಶತ್ರುಸೇನೆ ಬೀದಿಯಲ್ಲಿ ಕಾವಲಿರುವಾಗ ಪೀಠದಿಂದ ಇಂತಹ ಪತ್ರ ಓದಲು ಎಂತಹ ಎದೆಗಾರಿಕೆ ಬೇಕೆಂದು ನಾವು ಊಹಿಸಬಹುದು.

ಮುಂದಿನ ಕೆಲಸ ಮೀನುಗಾರರದ್ದು. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 4 ಕಿಲೋಮೀಟರ್ ಅಗಲವಿದೆ. ಇರುಳಿನಲ್ಲಿ ದೋಣಿಗಳ ತಳದಲ್ಲಿ, ಮೀನು ತುಂಬುವ ಜಾಗದಲ್ಲಿ ಹೆಂಗಸರು ಮಕ್ಕಳನ್ನು ಅಡಗಿಸಿ ದಾಟಿಸಲಾಯಿತು. ಕಡಲ ತಡಿಯಲ್ಲೇ ಬದುಕುವ ನಮಗೆ ಇರುಳಿನ ಕಡಲು ಎಂತಹದ್ದೆಂದು ಹೇಳಬೇಕಾಗಿಲ್ಲ. ಹಣ ಪಡೆದು ದಾಟಿಸಿದವರೂ ಇದ್ದರು. ದುಡ್ಡಿಲ್ಲದವರಿಗಾಗಿ ಊರವರು ಚಂದಾ ಎತ್ತಿದ್ದೂ ಉಂಟು. ಎಲ್ಲರೂ ಪಾರಾಗಲಿಲ್ಲ. ಗಿಲೆಲೈಯ ಎಂಬ ಮೀನುಗಾರರ ಊರಿನ ಇಗರ್ಜಿಯ ಅಟ್ಟದಲ್ಲಿ ಅಡಗಿದ್ದ ಸುಮಾರು 80 ಮಂದಿ ಸಿಕ್ಕಿಬಿದ್ದರು. ಒಟ್ಟು ಸುಮಾರು 470 ಮಂದಿಯನ್ನು ನಾತ್ಸಿಗಳು ಶಿಬಿರಕ್ಕೆ ಸಾಗಿಸಿದರು. ಆದರೆ 7,000ಕ್ಕೂ ಹೆಚ್ಚು ಮಂದಿ ಸ್ವೀಡನ್ನಿನ ದಡ ಸೇರಿ ಬದುಕಿದರು.

ಇದು ನಡೆದು 20 ವರ್ಷಗಳ ಬಳಿಕ, 1963ರಲ್ಲಿ, ಬೋರ್ಗ ಅವರು ವಕೀಲ ರಿಚರ್ಡ್ ನೆಟ್ಟರ್ ಅವರೊಡನೆ ಸೇರಿ ಥ್ಯಾಂಕ್ಸ್ ಟು ಸ್ಕ್ಯಾಂಡಿನೇವಿಯ ಎಂಬ ನಿಧಿಯನ್ನು ಸ್ಥಾಪಿಸಿದರು. ಹೆಸರೇ ಹೇಳುವಂತೆ ಇದು ಕೃತಜ್ಞತೆಯ ನಿಧಿ. ಯೆಹೂದಿಗಳನ್ನು ಕಾಪಾಡಿದ ಸ್ಕ್ಯಾಂಡಿನೇವಿಯದ ಜನರ ನೆನಪಿಗಾಗಿ ಆ ದೇಶಗಳ ವಿದ್ಯಾರ್ಥಿಗಳಿಗೆ ಅಮೆರಿಕದಲ್ಲಿ ಓದಲು ವಿದ್ಯಾರ್ಥಿವೇತನ ನೀಡುವುದು ಇದರ ಕೆಲಸ.

ಕಾಪಾಡಿದವರ ಹೆಸರುಗಳಲ್ಲಿ ಹೆಚ್ಚಿನವು ಯಾರಿಗೂ ತಿಳಿಯದು. ದೋಣಿ ನಡೆಸಿದವನು ಮರುದಿನ ಮತ್ತೆ ಮೀನು ಹಿಡಿಯಲು ಹೋಗಿರುತ್ತಾನೆ. ಅಂತಹವರಿಗೆ ಋಣ ತೀರಿಸುವುದು ಹೇಗೆ? ಅವರ ಮಕ್ಕಳಿಗೆ, ಮೊಮ್ಮಕ್ಕಳ ಪ್ರಾಯದವರಿಗೆ ವಿದ್ಯೆ ಕೊಡಿಸುವ ಮೂಲಕ ಎಂದು ಬೋರ್ಗ ಕಂಡುಕೊಂಡರು. ಸ್ವತಃ ಒಂಬತ್ತರ ಹರೆಯದಲ್ಲಿ ವಿದ್ಯಾರ್ಥಿವೇತನದಿಂದ ಕಲಿತವರು ಅವರು. ಆ ಕೊಡುಗೆಯ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾತ್ಸಿಗಳ ಕ್ರೌರ್ಯವನ್ನು ನೆನಪಿಡಲು ಜಗತ್ತಿನಲ್ಲಿ ಅನೇಕ ಸ್ಮಾರಕಗಳಿವೆ, ಇರಲೇಬೇಕು. ಬೋರ್ಗ ಅವರು ಅದೇ ಕಾಲದ ಒಳ್ಳೆಯತನವನ್ನು ನೆನಪಿಡಲು ಒಂದು ದಾರಿ ಹುಡುಕಿದರು.

ಕೊನೆಯವರೆಗೂ ವೇದಿಕೆ

ವಯಸ್ಸಾಯಿತೆಂದು ಬೋರ್ಗ ಕೈಕಟ್ಟಿ ಕೂರಲಿಲ್ಲ. ದೂರದರ್ಶನದಲ್ಲಿ ಮಪೆಟ್ ಗೊಂಬೆಗಳ ಜೊತೆ ಕಾಣಿಸಿಕೊಂಡು ಹೊಸ ತಲೆಮಾರಿನ ಮಕ್ಕಳಿಗೂ ಪರಿಚಿತರಾದರು. ಸಂಗೀತಗಾರರ ಬದುಕಿನ ಬಗ್ಗೆ ನಗೆ ತುಂಬಿದ ಪುಸ್ತಕಗಳನ್ನು ರಾಬರ್ಟ್ ಶರ್ಮನ್ ಅವರೊಡನೆ ಸೇರಿ ಬರೆದರು. 90 ದಾಟಿದ ಮೇಲೂ ಪ್ರವಾಸ, ಪ್ರದರ್ಶನ ಬಿಡಲಿಲ್ಲ. ಸ್ಕ್ಯಾಂಡಿನೇವಿಯದ ದೇಶಗಳು ಅವರಿಗೆ ನೈಟ್ ಪದವಿ ನೀಡಿ ಗೌರವಿಸಿದವು. 1999ರಲ್ಲಿ ಅಮೆರಿಕದ ಪ್ರತಿಷ್ಠಿತ ಕೆನೆಡಿ ಸೆಂಟರ್ ಗೌರವ ಸಂದಿತು. ಆ ವರ್ಷ ಅವರೊಡನೆ ಗೌರವ ಪಡೆದವರಲ್ಲಿ ಗಾಯಕ ಸ್ಟೀವಿ ವಂಡರ್ ಮತ್ತು ನಟ ಶಾನ್ ಕಾನರಿ ಇದ್ದರು.

2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಪತ್ನಿ ಸನ್ನಾ ತೀರಿಕೊಂಡರು. ಆ ದುಃಖದ ನಡುವೆಯೂ ಬೋರ್ಗ ಅವರು ವರ್ಷದ ಕೊನೆಯಲ್ಲಿ ಹುಟ್ಟೂರು ಕೋಪನ್‌ಹೇಗನ್ನಿಗೆ ಹೋಗಿ ಕಾರ್ಯಕ್ರಮ ನೀಡಿ ಮರಳಿದರು. ಕ್ರಿಸ್ಮಸಿಗೆ ಎರಡು ದಿನ ಇರುವಾಗ, ಕನೆಕ್ಟಿಕಟ್‌ನ ಗ್ರೀನಿಚ್ ಊರಿನ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ಅವರ ಉಸಿರು ನಿಂತಿತು.

ಅವರ ಚಿತಾಭಸ್ಮದ ಒಂದು ಭಾಗವನ್ನು ಗ್ರೀನಿಚ್‌ನ ಸ್ಮಶಾನದಲ್ಲಿ ಇರಿಸಲಾಯಿತು. ಇನ್ನೊಂದು ಭಾಗ ಕೋಪನ್‌ಹೇಗನ್ನಿನ ಯೆಹೂದಿ ಸ್ಮಶಾನ ಸೇರಿತು. ಆಶ್ರಯ ಕೊಟ್ಟ ನೆಲ, ಜನ್ಮ ಕೊಟ್ಟ ನೆಲ, ಎರಡನ್ನೂ ಅವರು ಬಿಡಲಿಲ್ಲ. ಗ್ರೀನಿಚ್‌ನ ಸಮಾಧಿಯ ಬಳಿ ಕೋಪನ್‌ಹೇಗನ್ ಬಂದರಿನ ಪ್ರಸಿದ್ಧ ಮತ್ಸ್ಯಕನ್ಯೆಯ ಪ್ರತಿಕೃತಿಯೊಂದು ಇದೆ. ಕೋಪನ್‌ಹೇಗನ್ ನಗರ 2002ರಲ್ಲಿ ಒಂದು ಚೌಕಕ್ಕೆ ಅವರ ಹೆಸರಿಟ್ಟಿತು. ಜನ್ಮಶತಾಬ್ದಿಯ 2009ರಲ್ಲಿ ಅಲ್ಲಿ ಅವರ ಪ್ರತಿಮೆಯೂ ಸ್ಥಾಪನೆಯಾಯಿತು. 1940ರಲ್ಲಿ ಮರಳಲು ದಾರಿಯಿಲ್ಲದೆ ಹೋದವರು ಹೀಗೆ ಊರಿಗೆ ಮರಳಿದರು.

ನಮಗೊಂದು ಮಾತು

ನಮ್ಮ ಸಭೆ ಸಮಾರಂಭಗಳಲ್ಲೂ ನಗಿಸುವವರಿದ್ದಾರೆ. ಗಾಯನ ವೃಂದದ ಅಭ್ಯಾಸದಲ್ಲಿ, ಸಂಘಗಳ ವಾರ್ಷಿಕೋತ್ಸವದಲ್ಲಿ, ಮದುವೆಯ ವೇದಿಕೆಯಲ್ಲಿ ಅವರನ್ನು ನಾವು ಕಾಣುತ್ತೇವೆ. ಅವರ ಕೆಲಸವನ್ನು ಲಘುವಾಗಿ ಕಾಣುವ ರೂಢಿಯೂ ನಮ್ಮಲ್ಲಿದೆ. ನಗೆಯ ವಿಷಯ ಯಾವುದು, ನಗುವವರು ಯಾರ ಖರ್ಚಿನಲ್ಲಿ ನಗುತ್ತಿದ್ದಾರೆ ಎಂಬುದನ್ನು ಗಮನಿಸಿದರೆ ಆ ಕೆಲಸದ ಭಾರ ತಿಳಿಯುತ್ತದೆ. ಬಡವನನ್ನು, ಊನವಿದ್ದವನನ್ನು, ಇಲ್ಲದವನನ್ನು ಆಡಿಕೊಂಡು ನಗಿಸುವುದು ಸುಲಭ. ಬೋರ್ಗ ಅವರು ಆ ಸುಲಭದ ದಾರಿ ಹಿಡಿಯಲಿಲ್ಲ. ಅವರು ಸರ್ವಾಧಿಕಾರಿಯನ್ನು ನಗೆಗೀಡು ಮಾಡಿದರು, ದೊಡ್ಡಸ್ತಿಕೆಯನ್ನು ನಗೆಗೀಡು ಮಾಡಿದರು, ಮಿಕ್ಕಂತೆ ತಮ್ಮನ್ನೇ ನಗೆಗೀಡು ಮಾಡಿಕೊಂಡರು.

ಮನೆ, ತಾಯಿ, ಭಾಷೆ ಎಲ್ಲವನ್ನೂ ಒಂದೇ ವರ್ಷದಲ್ಲಿ ಹಿಂದೆ ಬಿಟ್ಟು ಬಂದವರಲ್ಲಿ ಕಹಿ ಉಳಿಯುವುದು ಸಹಜ. ಬೋರ್ಗ ಅವರು ಆ ಕಹಿಯನ್ನು ಸಭೆಗೆ ಹಂಚಲಿಲ್ಲ. ನಗೆಯನ್ನು ಹಂಚಿದರು, ಸಂಪಾದಿಸಿದ ಹೆಸರನ್ನು ಋಣ ತೀರಿಸಲು ಬಳಸಿದರು. ಬಿಡುವಿದ್ದಾಗ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಅವರ ಒಂದು ಕಾರ್ಯಕ್ರಮವನ್ನು ನೋಡಿರಿ. ಮೊದಲ ಸಲ ನಗಲು ನೋಡಿರಿ, ಎರಡನೆಯ ಸಲ ಆ ಬೆರಳುಗಳನ್ನು ನೋಡಿರಿ. ಬಳಿಕ ಕಡಲು ದಾಟಿಸಿದ ಆ ಮೀನುಗಾರರ ಕಥೆಯನ್ನೂ ಮಕ್ಕಳಿಗೆ ಹೇಳಿರಿ.